ಎಮ್ಮೆದೊಡ್ಡಿ ಅಂತ ಬರೆಯೋಕೆ ಎಷ್ಟು ಜನ ಬೇಕಾಯ್ತು?

ಕ್ಯಾಪ್ಷನ್ 1

ಸ್ವೈಪ್ ಮಾಡೋಕೆ ಮುಂಚೆ ಈ ಹೆಸರನ್ನ ನಿಧಾನಕ್ಕೆ ಒಂದು ಸಲ ಓದಿ. ಎಮ್ಮೆದೊಡ್ಡಿ. ಕಡೂರು ತಾಲ್ಲೂಕು, ಮದಗದ ಕೆರೆ ಹತ್ರ. ದೊಡ್ಡಿ ಅಂದ್ರೆ ದನ ಕೂಡೋ ಜಾಗ, ಅದನ್ನ ನಿಮಗೆ ಹೇಳಬೇಕಿಲ್ಲ.

ನಿಮ್ಮ ಕಣ್ಣಿಗೆ ಇದರಲ್ಲಿ ಕಾಣೋದು ನಾಲ್ಕು ಅಕ್ಷರ: ಎ, ಮ್ಮೆ, ದೊ, ಡ್ಡಿ. ನಿಮ್ಮ ಫೋನಿಗೆ ಮಾತ್ರ ಇದು 11 ತುಂಡು. ಎ, ಮ, ಒಂದು ಹಲಂತ, ಇನ್ನೊಂದು ಮ, ಎತ್ವ, ದ, ಒತ್ವ, ಡ, ಮತ್ತೆ ಹಲಂತ, ಮತ್ತೆ ಡ, ಕೊನೆಗೆ ಗುಡಿಸು. ಈ 11 ತುಂಡನ್ನ ನಾಲ್ಕು ಅಕ್ಷರವಾಗಿ ಜೋಡಿಸಿ, ಒತ್ತನ್ನ ಕೆಳಗೆ ಕೂರಿಸಿ, ನಿಮ್ಮ ಸ್ಕ್ರೀನ್ ಮೇಲೆ ತೋರಿಸೋ ಕೆಲಸ ಕಣ್ಣು ಮಿಟುಕಿಸೋದ್ರೊಳಗೆ ಮುಗಿದು ಹೋಗುತ್ತೆ. ಆ ಕೆಲಸಕ್ಕೆ 200 ವರ್ಷದ ಕಥೆ ಇದೆ, ಇಲ್ಲಿ ಹೇಳೋದು ಅದನ್ನೇ.

ಫೋಟೋ 1 ನಮ್ಮೂರ ಬೋರ್ಡು, ಪೇಂಟಲ್ಲಿ ಬರೆದದ್ದು. ಫೋಟೋ 2 ಒಂದು ಆ್ಯಪ್‌ನ ಸ್ಕ್ರೀನ್‌ಶಾಟ್, ಯಾವ ಆ್ಯಪ್ ಅನ್ನೋದು ಬೇಡ ಬಿಡಿ. ಬೋರ್ಡಿನಲ್ಲಿ ಊರಿನ ಹೆಸರು ಪೂರ್ತಿ ಇದೆ. ಆ್ಯಪ್‌ನ ಬಟನ್ ಒಳಗೆ ಒತ್ತುಗಳ ಕೆಳಭಾಗ ಕತ್ತರಿಸಿ ಹೋಗಿ, ಓದಿದ್ರೆ "ಎಮೆದೊಡಿ" ಅನ್ನೋ ಹಾಗೆ ಕಾಣ್ತಿದೆ. ಬೋರ್ಡು ಬರೆದ ಪೇಂಟರ್ ಒಬ್ಬನೇ. ಅಕ್ಷರದ ಅಂದವೂ ಅವನದ್ದೇ, ಎಷ್ಟು ಜಾಗ ಬಿಡಬೇಕು ಅನ್ನೋ ಲೆಕ್ಕವೂ ಅವನದ್ದೇ. ಒತ್ತು ಕೆಳಗೆ ಇಳಿಯುತ್ತೆ ಅಂತ ಅವನ ಕೈಗೆ ಗೊತ್ತು. ಆ್ಯಪ್ ಮಾಡುವಾಗ ಇಬ್ಬರಾದರು. ಒಬ್ಬರು ಬಟನ್ ಹೇಗೆ ಕಾಣಬೇಕು ಅಂತ ಬಿಡಿಸಿದವರು, ಇನ್ನೊಬ್ಬರು ಕೋಡ್ ಬರೆದು ಅದನ್ನ ಕೆಲಸ ಮಾಡೋ ಹಾಗೆ ಮಾಡಿದವರು. ಡಿಸೈನರ್ ಮತ್ತು ಡೆವಲಪರ್. ಇಬ್ಬರ ನಡುವೆ ನಮ್ಮ ಒತ್ತು ಬಿದ್ದು ಹೋಯ್ತು.

ಒಂದು ತಮಾಷೆ ನೋಡಿ. ಕಡೂರು, ಬೀರೂರು, ತರೀಕೆರೆ, ಈ ಮೂರು ಹೆಸರಲ್ಲೂ ಒಂದೇ ಒಂದು ಒತ್ತಿಲ್ಲ. ಇವು ಎಂಥ ಕೆಟ್ಟ ಆ್ಯಪ್‌ನಲ್ಲೂ ಬಚಾವ್. ಅಜ್ಜಂಪುರಕ್ಕೆ ಒಂದು ಒತ್ತು, ಚಿಕ್ಕಮಗಳೂರಿಗೆ ಒಂದು, ನಮಗೆ ಎರಡು. ತಾಲ್ಲೂಕು ಕೇಂದ್ರದಲ್ಲಿ ಕೂತು ಟೆಸ್ಟ್ ಮಾಡಿದವರಿಗೆ ನಮ್ಮೂರಿನ ತೊಂದರೆ ಗೊತ್ತಾಗೋದೇ ಇಲ್ಲ.

ಕ್ಯಾಪ್ಷನ್ 2

ಈಗ ಬಂಗಾಳಕ್ಕೆ ಹೋಗೋಣ. ಕನ್ನಡದ ಕಥೆ ಹೇಳ್ತೀನಿ ಅಂತ ಬಂಗಾಳಕ್ಕೆ ಯಾಕೆ ಅಂತೀರಾ? ಅಚ್ಚಿನ ಕನ್ನಡ ಅಕ್ಷರದ ಶುರುವಾತು ಸಿಗೋದು ಅಲ್ಲೇ.

1778ರಲ್ಲಿ ಹ್ಯಾಲ್ಹೆಡ್ ಅನ್ನೋರು ಬರೆದ ಬಂಗಾಳಿ ವ್ಯಾಕರಣ ಹೂಗ್ಲಿಯಲ್ಲಿ ಅಚ್ಚಾಯ್ತು. ಅದಕ್ಕೆ ಬೇಕಾದ ಬಂಗಾಳಿ ಮೊಳೆಗಳನ್ನ ಮಾಡಿಸಿದ್ದು ಚಾರ್ಲ್ಸ್ ವಿಲ್ಕಿನ್ಸ್. ವಿಲ್ಕಿನ್ಸ್‌ಗೆ ಭಾಷೆ ಗೊತ್ತಿತ್ತು. ಅವರ ಜೊತೆ ಕೂತು ಕೆಲಸ ಮಾಡಿದ್ದು ಪಂಚಾನನ ಕರ್ಮಕಾರ್. ಕರ್ಮಕಾರ್ ಅಂದ್ರೆ ನಮ್ಮ ಕಮ್ಮಾರರೇ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನ ಕನ್ನಡಿಯಲ್ಲಿ ಕಾಣೋ ಹಾಗೆ ಉಲ್ಟಾ ಕೆತ್ತಬೇಕು. ಅದನ್ನ ತಾಮ್ರದ ಮೇಲೆ ಹೊಡೆದ್ರೆ ಅಚ್ಚು ಆಗುತ್ತೆ. ಆ ಅಚ್ಚಿಗೆ ಸೀಸದ ಮಿಶ್ರಣ ಕಾಯಿಸಿ ಸುರಿದ್ರೆ ಮೊಳೆ. ಒಂದು ಗೀಟು ಜಾಸ್ತಿ ಕೆತ್ತಿದ್ರೆ ಮತ್ತೆ ಮೊದಲಿಂದ. ಇಲ್ಲಿ ಅನ್‌ಡೂ ಬಟನ್ ಇರಲಿಲ್ಲ ಫ್ರೆಂಡ್ಸ್.

ಯೋಚಿಸಿ ನೋಡಿ. ಈ ಅಕ್ಷರ ಯಾಕೆ ಹೀಗೆ ತಿರುಗುತ್ತೆ, ಯಾವ ಸುರುಳಿ ಬೇಕು, ಯಾವುದು ಬರೆಯೋರ ಕೈಚಳಕ ಅಷ್ಟೇ ಅನ್ನೋದು ಒಬ್ಬರಿಗೆ ಗೊತ್ತು. ಈ ಉಕ್ಕಿನಲ್ಲಿ ಎಷ್ಟು ಸಣ್ಣ ಸುರುಳಿ ನಿಲ್ಲುತ್ತೆ, ಎಷ್ಟಕ್ಕೆ ಮುರಿಯುತ್ತೆ ಅನ್ನೋದು ಇನ್ನೊಬ್ಬರಿಗೆ ಗೊತ್ತು. ಬೇರೆ ಬೇರೆ ಊರಲ್ಲಿ ಕೂತು ಚೀಟಿ ಕಳಿಸಿಕೊಂಡು ಮಾಡೋ ಕೆಲಸ ಇದಲ್ಲ. ಪಂಚಾನನ ಆಮೇಲೆ ಸೆರಾಂಪುರದ ಮಿಷನ್ ಪ್ರೆಸ್ ಸೇರಿದರು. ಅವರ ನಂತರ ಅಳಿಯ ಮನೋಹರ ಅದೇ ಕೆಲಸ ಮುಂದುವರಿಸಿದರು. ಬೇರೆ ಬೇರೆ ಭಾಷೆಗೆ ಮೊಳೆ ಮಾಡ್ತಿದ್ದ ಅದೇ ಸೆರಾಂಪುರದಲ್ಲಿ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯ್ತು, ಕನ್ನಡದ್ದೇ ಮೊಳೆಗಳಲ್ಲಿ. ನಮ್ಮ ಅಕ್ಷರ ಸೀಸಕ್ಕೆ ಇಳಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು.

ಪುಸ್ತಕದ ಮೇಲೆ ಕೇರಿ ಹೆಸರು ಇದೆ. ಅಕ್ಷರ ಕೆತ್ತಿದವರ ಹೆಸರು ಇಲ್ಲ. ಆ್ಯಪ್ ಚೆನ್ನಾಗಿದೆ ಅಂದಾಗ ಕಂಪನಿ ಹೆಸರು ಹೇಳ್ತೀವಲ್ಲ, ಹಾಗೇನೇ.

ಕ್ಯಾಪ್ಷನ್ 3 (ಚಿಕ್ಕದು)

ಜುಲೈ 1 ಪತ್ರಿಕಾ ದಿನ ಅಂತ ಸ್ಟೇಟಸ್ ಹಾಕ್ತೀವಲ್ಲ, ಅದು 1843ರ ಜುಲೈ 1ರ ನೆನಪು. ಅವತ್ತು ಮಂಗಳೂರಲ್ಲಿ ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ "ಮಂಗಳೂರ ಸಮಾಚಾರ" ಶುರು ಮಾಡಿದರು. ಅದು ಕಲ್ಲಚ್ಚು. ಮೊಳೆ ಇಲ್ಲ, ಜೋಡಣೆ ಇಲ್ಲ. ಕೈಯಲ್ಲಿ ಬರೆದದ್ದನ್ನ ಕಲ್ಲಿನ ಮೇಲೆ ಇಳಿಸಿ, ಕಲ್ಲಿಂದ ಕಾಗದಕ್ಕೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಸ್ಕ್ರೀನ್‌ಶಾಟ್ ಥರ. ಬರೆಯೋನು ಹೇಗೆ ಬರೆದನೋ ಹಾಗೇ ಬರುತ್ತೆ, ಒತ್ತು ಎಲ್ಲೂ ಹೋಗಲ್ಲ. ಆದ್ರೆ ಅದರಿಂದ ಒಂದು ಅಕ್ಷರ ಎತ್ತಿ ಇನ್ನೊಂದು ಕಡೆ ಇಡೋಕಾಗಲ್ಲ. ಮುಂದಿನ ಸಂಚಿಕೆಗೆ ಎಲ್ಲಾ ಹೊಸದಾಗಿ ಬರೀಬೇಕು.

ಮರುವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಹೋಯ್ತು, "ಕನ್ನಡ ಸಮಾಚಾರ" ಆಯ್ತು. ಯಾಕೆ ಅಂದ್ರೆ ಬಳ್ಳಾರಿಯಲ್ಲಿ ಮೊಳೆ ಅಚ್ಚು ಇತ್ತು. ಬರೀ ಅಕ್ಷರದ ಮೊಳೆಗೋಸ್ಕರ ಒಂದು ಪತ್ರಿಕೆ ಕರಾವಳಿ ಬಿಟ್ಟು ಬಯಲುಸೀಮೆಗೆ ಹೋಯ್ತು! ಆಮೇಲೆ ಮಂಗಳೂರಿಗೂ ಮೊಳೆ ಬಂತು. ನಮ್ಮ ಕಾಲೇಜು ಲೈಬ್ರರಿಗಳಲ್ಲಿ ದಪ್ಪಗೆ ಕೂತಿರೋ ಕಿಟೆಲ್ ನಿಘಂಟು 1894ರಲ್ಲಿ ಅಲ್ಲೇ ಅಚ್ಚಾದದ್ದು.

ಚಿತ್ರ ಆಗಿ ಇಡೋದಾ, ಜೋಡಿಸಬಹುದಾದ ಅಕ್ಷರ ಆಗಿ ಇಡೋದಾ? ಈ ಪ್ರಶ್ನೆ ಮುಂದಿನ ಕ್ಯಾಪ್ಷನ್‌ಗಳಲ್ಲಿ ಮತ್ತೆ ಬರುತ್ತೆ, ನೆನಪಿಟ್ಕೊಳ್ಳಿ.

ಕ್ಯಾಪ್ಷನ್ 4

ಮೊಳೆ ಜೋಡಿಸೋರ ಮುಂದೆ ನೂರಾರು ಖಾನೆ ಇರೋ ಪೆಟ್ಟಿಗೆ ಇರ್ತಿತ್ತು. ಡಿ ಒಂದು ಮೊಳೆ, ಡಾವತ್ತು ಇನ್ನೊಂದು ಮೊಳೆ. "ಡ್ಡಿ" ಬೇಕಾದ್ರೆ ಮೊದಲು ಡಿ ತಗೊಂಡು ಆಮೇಲೆ ಒತ್ತು. ಕೈ ಕಣ್ಣು ಎರಡೂ ಪಳಗಿದವರು ನೋಡದೇ ಎತ್ತಿಡ್ತಿದ್ರು.

ಟೈಪ್‌ರೈಟರ್ ಬಂದಾಗ ಕಷ್ಟ ಶುರುವಾಯ್ತು. ಒಂದೊಂದು ಕೀಲಿಗೆ ಎರಡು ಗುರುತು ಅಂದ್ರೂ ಎಲ್ಲಾ ಸೇರಿ ಸುಮಾರು 90 ಗುರುತು ಅಷ್ಟೇ. ಅಷ್ಟರಲ್ಲಿ ಇಡೀ ಕನ್ನಡ ಹಿಡಿಸಬೇಕು. ಕನ್ನಡ ಟೈಪ್‌ರೈಟರ್‌ಗೆ ಕೀಲಿಮಣೆ ರೂಪಿಸಿದ ಕೆ. ಅನಂತಸುಬ್ಬರಾಯರು ಅಕ್ಷರವನ್ನ ಒಡೆದು ತುಂಡು ಮಾಡಿದರು. ತಲೆಕಟ್ಟು ಬೇರೆ, ಮೈ ಬೇರೆ, ಒತ್ತು ಬೇರೆ. ಕೆಲವು ಕೀಲಿ ಒತ್ತಿದ್ರೆ ಕಾಗದ ಮುಂದಕ್ಕೆ ಸರಿಯಲ್ಲ, ಅದೇ ಜಾಗದಲ್ಲಿ ಇನ್ನೊಂದು ತುಂಡು ಕೂರುತ್ತೆ. ಅಂದ ಸ್ವಲ್ಪ ಹೋಯ್ತು, ಅಕ್ಷರ ಉಳೀತು. ಹಳೇ ಕೋರ್ಟ್ ಕಾಗದ ಮನೆಯಲ್ಲಿದ್ರೆ ತೆಗೆದು ನೋಡಿ, ಒತ್ತುಗಳು ಸ್ವಲ್ಪ ಅತ್ತಿತ್ತ ನಿಂತಿರ್ತವೆ.

ಒಬ್ಬರೇ ಡಿಸೈನರ್ ಕೆಲಸನೂ ಎಂಜಿನಿಯರ್ ಕೆಲಸನೂ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದು ಒಳ್ಳೇ ಉದಾಹರಣೆ. ಏನು ಬಿಟ್ಟುಕೊಡಬೇಕು, ಏನು ಬಿಡಬಾರದು ಅನ್ನೋ ಜಗಳ ಒಂದೇ ತಲೆಯೊಳಗೆ ನಡೆಯುತ್ತೆ, ಬೇಗ ತೀರ್ಮಾನ ಆಗುತ್ತೆ.

ಕ್ಯಾಪ್ಷನ್ 5

ಈ ಕ್ಯಾಪ್ಷನ್ ಉದ್ದ ಇದೆ, ಟೀ ತಗೊಂಡು ಕೂತ್ಕೊಳ್ಳಿ.

ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಮುಂಬೈಯಲ್ಲಿ ಟಾಟಾ ಪ್ರೆಸ್, ಮೋನೋಟೈಪ್‌ನಂಥ ಕಡೆ ಅಚ್ಚಿನ ತಂತ್ರಜ್ಞಾನದಲ್ಲಿ ಕೆಲಸ ಮಾಡಿದವರು. ಅಂದ್ರೆ ಅಕ್ಷರದ ಆಕಾರ, ಅದು ಕಾಗದದ ಮೇಲೆ ಹೇಗೆ ಕೂರುತ್ತೆ ಅನ್ನೋದೆಲ್ಲ ಅವರಿಗೆ ದಿನದ ಕೆಲಸ. ಕಂಪ್ಯೂಟರ್ ಪ್ರೋಗ್ರಾಮೂ ಗೊತ್ತು. ಅವರು ಒಂದು ಸರಳ ಪ್ರಶ್ನೆ ಹಾಕಿಕೊಂಡರು: ಕನ್ನಡ ಟೈಪ್ ಮಾಡೋನಿಗೆ ಅಕ್ಷರದ ತುಂಡುಗಳನ್ನ ಯಾಕೆ ನೆನಪಿಡೋಕೆ ಹೇಳಬೇಕು? ಅವನಿಗೆ ಶಬ್ದ ಗೊತ್ತು. ಶಬ್ದ ಹೇಳಿದ್ರೆ ಸಾಕು, ಯಾವ ತುಂಡು ಎಲ್ಲಿ ಕೂರಬೇಕು ಅಂತ ಯಂತ್ರ ನೋಡ್ಕೊಳ್ಳಲಿ.

ಹೀಗಾಗಿ ಅವರ ಕೀಲಿಮಣೆಯಲ್ಲಿ ಇಂಗ್ಲಿಷ್‌ನ 26 ಕೀಲಿಗಳಲ್ಲೇ ಇಡೀ ಕನ್ನಡ ಸಿಗುತ್ತೆ. ಸಣ್ಣಕ್ಷರಕ್ಕೆ ಒಂದು, ಶಿಫ್ಟ್ ಒತ್ತಿದ್ರೆ ಇನ್ನೊಂದು. ಅದರಿಂದ ಬೆಳೆದದ್ದೇ ಇವತ್ತು ನುಡಿಯಲ್ಲಿ ನಾವು ಬಳಸೋ ವಿನ್ಯಾಸ. ಕಂಪ್ಯೂಟರ್ ಲ್ಯಾಬಲ್ಲಿ ನುಡಿ ಕಲಿತಿದ್ದೀರಲ್ಲ, ಈಗ ಬೆರಳಲ್ಲಿ ಮಾಡಿ ನೋಡಿ. ಇ ಕೀಲಿಗೆ ಎ. ಎಂ ಕೀಲಿಗೆ ಮ. ಎಫ್ ಒತ್ತಿದ್ರೆ ಹಲಂತ. ಮತ್ತೆ ಎಂ. ಮತ್ತೆ ಇ, ಈ ಸಲ ಎತ್ವ. ಡಿ, ಓ. ಆಮೇಲೆ ಡಬ್ಲ್ಯು, ಅದು ಡ. ಎಫ್. ಮತ್ತೆ ಡಬ್ಲ್ಯು. ಕೊನೆಗೆ ಐ. ಎಣಿಸಿ: 11. ಮೊದಲನೇ ಕ್ಯಾಪ್ಷನ್‌ನಲ್ಲಿ ಹೇಳಿದ 11 ತುಂಡು, 11 ಕೀಲಿ. ಬಾಯಲ್ಲಿ ಊರಿನ ಹೆಸರು ಹೇಳೋ ಕ್ರಮದಲ್ಲೇ ಬೆರಳು ಹೋಗುತ್ತೆ.

ಇದರಲ್ಲಿ ಸೂಕ್ಷ್ಮ ಏನು ಗೊತ್ತಾ? ನೀವು ಎತ್ವ ಒತ್ತಿದ್ದು ಎರಡನೇ ಮ ಆದ ಮೇಲೆ. ಸ್ಕ್ರೀನಲ್ಲಿ ಎತ್ವ ಹೋಗಿ ಕೂತದ್ದು ಮೊದಲನೇ ಮ ತಲೆ ಮೇಲೆ. ಎರಡನೇ ಮ ಒತ್ತಾಗಿ ಕೆಳಗಿಳೀತು. ನಾವು ಚಿಕ್ಕವರಿದ್ದಾಗ ಸ್ಲೇಟಲ್ಲಿ ಬರೆದದ್ದೂ ಹಾಗೇ: ಮೊದಲು ಮೆ, ಆಮೇಲೆ ಮಾವತ್ತು. ಹೇಳೋ ಕ್ರಮ ಒಂದು, ಬರೆಯೋ ಕ್ರಮ ಇನ್ನೊಂದು. ಕನ್ನಡವನ್ನ ಕಂಪ್ಯೂಟರ್‌ಗೆ ತರೋ ಕೆಲಸದ ಕಷ್ಟ ಎಲ್ಲಾ ಈ ಎರಡು ಕ್ರಮದ ನಡುವೆಯೇ ಇತ್ತು. ಹೇಳೋ ಕ್ರಮ ಡೆವಲಪರ್‌ಗೆ ಬೇಕು, ಹುಡುಕೋಕೆ, ಅಕಾರಾದಿಯಲ್ಲಿ ಜೋಡಿಸೋಕೆ. ಬರೆಯೋ ಕ್ರಮ ಡಿಸೈನರ್‌ಗೆ ಬೇಕು, ಕಣ್ಣಿಗೆ ಸರಿ ಕಾಣೋಕೆ.

ರಾವ್ ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಅಂತ ಹೆಸರಿಟ್ಟರು, ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಜನರಿಗೆ ಪುಕ್ಕಟೆ ಕೊಟ್ಟರು. ನನಗೆ ಈ ಹೆಸರಿಡೋದು ತುಂಬಾ ಇಷ್ಟ. ಈಗಿನ ಆ್ಯಪ್‌ಗಳಿಗೆ ನಾವು ಇಡೋ ಹೆಸರು ನೋಡಿ!

ಕ್ಯಾಪ್ಷನ್ 6

ಇನ್ನು ಜಗಳದ ಭಾಗ.

ನಿಮ್ಮಲ್ಲಿ ಎಷ್ಟು ಜನಕ್ಕೆ ಹೀಗಾಗಿದೆ? ನುಡಿಯಲ್ಲಿ ಟೈಪ್ ಮಾಡಿದ ಹಳೇ ಅಸೈನ್‌ಮೆಂಟ್ ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರ, ಟೋಪಿ ಹಾಕಿದ ಎ, ನಡುವೆ ಒಂದು ಪೌಂಡ್ ಚಿಹ್ನೆ. ವೈರಸ್ ಬಂತು ಅಂದ್ಕೊಂಡಿರ್ತೀರಿ. ವೈರಸ್ ಅಲ್ಲ, ಇತಿಹಾಸ ಅದು.

1990ರ ದಶಕದಲ್ಲಿ ಪುಸ್ತಕ, ಪತ್ರಿಕೆ, ಮದುವೆ ಕಾಗದ ಎಲ್ಲಾ ಡಿಟಿಪಿಗೆ ಬಂದವು. ಆಗಿನ ಕಂಪ್ಯೂಟರ್‌ಗೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಮನೆಗಳು ಮಾತ್ರ. ಅಕ್ಷರ ಬಿಡಿಸೋರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರ ಇದ್ದ ಮನೆಯಲ್ಲಿ ಕನ್ನಡದ ತುಂಡಿನ ಚಿತ್ರ ಇಟ್ಟರು. ಒಂದು ಮನೆಯಲ್ಲಿ ಮೆ, ಇನ್ನೊಂದರಲ್ಲಿ ಮಾವತ್ತು, ಮತ್ತೊಂದರಲ್ಲಿ ಡಿ. ನೋಡೋಕೆ ಸರಿ, ಪ್ರಿಂಟ್ ಕೂಡ ಸರಿ. ಒಳಗೆ ಮಾತ್ರ ಕಂಪ್ಯೂಟರ್ ಅದನ್ನ ಇಂಗ್ಲಿಷ್ ಅಂತಲೇ ಅಂದ್ಕೊಂಡಿರುತ್ತೆ. ಫಾಂಟ್ ತೆಗೆದ್ರೆ ಬಣ್ಣ ಬಯಲು. ಅದೂ ಸಾಲದು ಅಂತ ಒಂದೊಂದು ಕಂಪನಿ ಒಂದೊಂದು ತುಂಡನ್ನ ಒಂದೊಂದು ಮನೆಯಲ್ಲಿ ಇಟ್ಟಿತ್ತು. ಒಬ್ಬರ ಫೈಲ್ ಇನ್ನೊಬ್ಬರಲ್ಲಿ ತೆರೆಯಲ್ಲ.

1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ವಿದೇಶದಲ್ಲಿದ್ದ ಕನ್ನಡಿಗರು, ಇಲ್ಲಿನ ಮನೆಮಂದಿ ಎಲ್ಲಾ ಅದನ್ನ ಡೌನ್‌ಲೋಡ್ ಮಾಡಿಕೊಂಡು ಕನ್ನಡದಲ್ಲಿ ಪತ್ರ ಬರೆದರು. ಕನ್ನಡ ಗಣಕ ಪರಿಷತ್ತು ಕೀಲಿಮಣೆಗೂ ಅಕ್ಷರದ ತುಂಡುಗಳಿಗೂ ಒಂದು ಶಿಷ್ಟತೆ ಬೇಕು ಅಂತ ಹಿಡಿದು ಕೂತಿತು, ಸರ್ಕಾರ ಒಪ್ಪಿತು, ನುಡಿ ಬಂತು. ಅದರಿಂದ ಕಚೇರಿಗಳಲ್ಲಿ ಕನ್ನಡ ಉಳೀತು, ಇದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಆದ್ರೂ ಅದು ತುಂಡುಗಳ ಒಪ್ಪಂದ. ಮೂರನೇ ಕ್ಯಾಪ್ಷನ್‌ನ ಪ್ರಶ್ನೆ ನೆನಪಿದೆಯಾ? ನೋಡೋಕೆ ಮೊಳೆ, ಒಳಗೆ ಕಲ್ಲಚ್ಚು. ಅದರಲ್ಲಿ "ಎಮ್ಮೆದೊಡ್ಡಿ" ಅಂತ ಅಂತರ್ಜಾಲದಲ್ಲಿ ಹುಡುಕಿದ್ರೆ ಊರು ಸಿಗಲ್ಲ.

ನಮ್ಮ ಜಿಲ್ಲೆಯವರೇ ಒಬ್ಬರು ಇದರ ಬಗ್ಗೆ ಬರೆದರು, ಮಾತಾಡಿದರು, ಜಗಳಾನೂ ಆಡಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಅವರನ್ನ ನಾವು ಕಾಡು, ಹಕ್ಕಿ, ಮೀನು ಅಂತ ಓದ್ತೀವಿ. ಅವರು ಫೋಟೋಗ್ರಾಫರ್, ಚಿತ್ರ ಬಿಡಿಸೋರು, ಜೊತೆಗೆ ಕಂಪ್ಯೂಟರ್ ಮುಂದೆ ಕೂತು ಕನ್ನಡ ಒದ್ದಾಡೋದನ್ನ ಕಣ್ಣಾರೆ ಕಂಡವರು. ಹಂಪಿ ಕನ್ನಡ ವಿಶ್ವವಿದ್ಯಾಲಯದ "ಕುವೆಂಪು ಕನ್ನಡ ತಂತ್ರಾಂಶ"ದ ಹಿಂದೆ ಅವರ ಒತ್ತಾಯ ಇತ್ತು. ಕೋಡ್ ಬರೆಯೋರೂ ಅಲ್ಲ, ಫಾಂಟ್ ಕಂಪನಿಯವರೂ ಅಲ್ಲ. ಬಳಸೋರು. ಬಳಸೋರು ಬಾಯಿ ಬಿಟ್ಟಾಗ ಈ ಕಥೆ ಮುಂದಕ್ಕೆ ಹೋಗಿದೆ, ಅದಕ್ಕೇ ಅವರ ಹೆಸರು ಇಲ್ಲಿ ಬಂತು. ಅವರು 2007ರಲ್ಲಿ ತೀರಿಕೊಂಡರು.

ಕ್ಯಾಪ್ಷನ್ 7

ಈಗ ನನಗೆ ಇಷ್ಟವಾದ ಜೋಡಿ.

ಆರ್.ಕೆ. ಜೋಶಿ, ಅಕ್ಷರ ಬರೆಯೋ ಕಲಾವಿದರು. ಮುಂಬೈ ಐಐಟಿಯ ಡಿಸೈನ್ ಕೇಂದ್ರದಲ್ಲಿ ಪಾಠ ಮಾಡಿದವರು. ಎಸ್.ಪಿ. ಮುದೂರ್, ಮುಂಬೈನ ರಾಷ್ಟ್ರೀಯ ತಂತ್ರಾಂಶ ಕೇಂದ್ರ, ಎನ್‌ಸಿಎಸ್‌ಟಿಯ ಕಂಪ್ಯೂಟರ್ ಗ್ರಾಫಿಕ್ಸ್ ವಿಜ್ಞಾನಿ. ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. 1999ರಲ್ಲಿ ಭಾರತೀಯ ಲಿಪಿಗಳನ್ನ ಪರದೆಯ ಮೇಲೆ ಹೇಗೆ ಜೋಡಿಸಿ ತೋರಿಸಬೇಕು ಅನ್ನೋದರ ಬಗ್ಗೆ ಒಂದು ಸಂಶೋಧನಾ ಲೇಖನ ಬಂತು. ಬರೆದವರು ನಾಲ್ವರು: ಮುದೂರ್, ನಿರಂಜನ್ ನಾಯಕ್, ಶ್ರೀನಾಥ್ ಶಾನಭಾಗ್, ಜೋಶಿ. ಕಂಪ್ಯೂಟರ್ ಪತ್ರಿಕೆಯ ಲೇಖನದಲ್ಲಿ ಬ್ರಶ್ ಹಿಡಿದು ಅಕ್ಷರ ಬರೆಯೋರ ಹೆಸರು! ಸೆರಾಂಪುರದ ಪುಸ್ತಕದಲ್ಲಿ ಕೆತ್ತಿದವರ ಹೆಸರು ಇರಲಿಲ್ಲ ಅಂದ್ನಲ್ಲ, ಅಲ್ಲಿಂದ ಇಲ್ಲಿಗೆ ಎಷ್ಟು ದೂರ ನೋಡಿ.

ಅಷ್ಟು ಹೊತ್ತಿಗೆ ಯೂನಿಕೋಡ್ ಬಂದಿತ್ತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳು ಇದ್ದವು. ಯೂನಿಕೋಡ್ ಇಟ್ಕೊಳ್ಳೋದು ಹೇಳೋ ಕ್ರಮ, ಅಂದ್ರೆ 11 ತುಂಡು. ಸರಿ, ಹಾಗಾದ್ರೆ ಬರೆಯೋ ಕ್ರಮ ಎಲ್ಲಿಂದ ಬರಬೇಕು? ಅದಕ್ಕೆ ಓಪನ್‌ಟೈಪ್ ಅನ್ನೋ ಫಾಂಟ್ ವ್ಯವಸ್ಥೆ. ಈ ಫಾಂಟ್ ಫೈಲಿನಲ್ಲಿ ಎರಡು ಇರುತ್ತೆ. ಡಿಸೈನರ್ ಬಿಡಿಸಿದ ಆಕಾರಗಳು ಒಂದು. "ಹಲಂತ ಆದ ಮೇಲೆ ಮ ಬಂದ್ರೆ ಈ ಒತ್ತಿನ ಆಕಾರ ಹಾಕು, ಇಲ್ಲಿ ಕೂರಿಸು" ಅನ್ನೋ ನಿಯಮಗಳು ಇನ್ನೊಂದು. ಆ ನಿಯಮಗಳನ್ನ ಓದಿ ಜೋಡಿಸೋ ಎಂಜಿನ್ ಫೋನಿನಲ್ಲೋ ಕಂಪ್ಯೂಟರ್‌ನಲ್ಲೋ ಇರುತ್ತೆ. ಅಂದ್ರೆ ಫಾಂಟ್ ಅನ್ನೋದೇ ಅರ್ಧ ಚಿತ್ರ, ಅರ್ಧ ಪ್ರೋಗ್ರಾಂ. ಒಬ್ಬರು ಬಿಡಿಸಿ ಇನ್ನೊಬ್ಬರಿಗೆ ದಾಟಿಸಿ ಕೈತೊಳೆದುಕೊಳ್ಳೋಕೆ ಇಲ್ಲಿ ದಾರಿನೇ ಇಲ್ಲ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆ ಕನ್ನಡಕ್ಕೆ ಅಂತ ಒಂದು ಫಾಂಟ್ ಬಂತು. ಜೋಶಿ ನಿರ್ದೇಶನದಲ್ಲಿ ಆದದ್ದು. ಹೆಸರು ತುಂಗಾ. ಹೌದು, ನಮ್ಮ ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟೋ ನದಿಯ ಹೆಸರು. ಜೋಶಿ 2008ರಲ್ಲಿ ತೀರಿಕೊಂಡರು. ಹಳೇ ಕಂಪ್ಯೂಟರ್ ಎಲ್ಲಾದ್ರೂ ಇದ್ರೆ ಫಾಂಟ್ ಪಟ್ಟಿ ತೆಗೆದು ನೋಡಿ, ಅವರ ಕೈಗುರುತು ಅಲ್ಲಿದೆ.

ಮೊಬೈಲ್‌ಗೆ ಇದು ಬರೋಕೆ ಇನ್ನೂ ಹತ್ತು ವರ್ಷ ಬೇಕಾಯ್ತು. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ತೋರಿಸೋಕೆ ಶುರು ಮಾಡಿತು. ಅದಕ್ಕೂ ಮುಂಚೆ ಕನ್ನಡ ಮೆಸೇಜ್ ಬಂದ್ರೆ ಸಾಲಾಗಿ ಖಾಲಿ ಡಬ್ಬ. ನಿಮ್ಮ ಅಣ್ಣನೋ ಅಕ್ಕನೋ ಆಗ ಕಾಲೇಜಲ್ಲಿದ್ರೆ ಕೇಳಿ, ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಅಭ್ಯಾಸ ಹೇಗೆ ಗಟ್ಟಿಯಾಯ್ತು ಅಂತ ಹೇಳ್ತಾರೆ.

ಕ್ಯಾಪ್ಷನ್ 8

ಅಕ್ಷರ ಆಯ್ತು. ಅಕ್ಷರದ ಮೇಲೆ ನಿಂತಿರೋ ಬದುಕಿನ ಕಡೆ ನೋಡೋಣ. ಪಹಣಿ.

ನಮ್ಮ ಕಡೆ ಹೊಲದ ಕಾಗದ ಅಂದ್ರೆ ಎಷ್ಟು ಮನೆಯ ನಿದ್ದೆ ಅಂತ ನಿಮಗೆ ಗೊತ್ತು. ಪಹಣಿಯಲ್ಲಿ ಹೆಸರಿನ ಒಂದು ಒತ್ತು ತಪ್ಪಿದ್ರೆ, ಆಧಾರ್‌ನಲ್ಲಿ ಒಂದು ಥರ ಪಹಣಿಯಲ್ಲಿ ಇನ್ನೊಂದು ಥರ ಇದ್ರೆ, ಬ್ಯಾಂಕಿನಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ವಕೀಲರ ಹತ್ರ ಓಡಾಟ. ಒಂದು ದಿನದ ಕೂಲಿ ಹೋಯ್ತು ಅಂತಲೇ ಲೆಕ್ಕ.

ಭೂಮಿ ಯೋಜನೆ ಬರೋವರೆಗೂ ಪಹಣಿ ಕೈಬರಹ. ಗ್ರಾಮ ಲೆಕ್ಕಿಗರ ಹತ್ರ ಇರ್ತಿತ್ತು. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ, ಎನ್‌ಐಸಿ ಸೇರಿ ಇದನ್ನ ಕಂಪ್ಯೂಟರ್‌ಗೆ ಹಾಕಿದರು. ಮುಂದೆ ನಿಂತು ಮಾಡಿಸಿದ ಅಧಿಕಾರಿ ರಾಜೀವ್ ಚಾವ್ಲಾ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ. 177 ತಾಲ್ಲೂಕು ಕೇಂದ್ರಗಳಲ್ಲಿ ಕಿಯಾಸ್ಕ್. 15 ರೂಪಾಯಿ ಕೊಟ್ಟರೆ ಪ್ರಿಂಟ್.

ಇದನ್ನ ಆಡಳಿತದ ಕಥೆ ಅಂತ ಎಲ್ಲರೂ ಬರೆದಿದ್ದಾರೆ. ನಾನು ನೋಡೋದು ಅಲ್ಲಿನ ಎರಡನೇ ಪರದೆಯನ್ನ. ಕೌಂಟರ್‌ನಲ್ಲಿ ಗುಮಾಸ್ತರ ಕಡೆ ಒಂದು ಸ್ಕ್ರೀನ್ ಇದ್ರೆ, ರೈತರ ಕಡೆ ಮುಖ ಮಾಡಿ ಇನ್ನೊಂದು ಸ್ಕ್ರೀನ್. ಒಳಗೆ ಏನು ನಡೀತಿದೆ ಅನ್ನೋದು ಹೊರಗೆ ನಿಂತವರಿಗೂ ಕಾಣಬೇಕು. ಖಾತೆ ಬದಲಾವಣೆ ಅರ್ಜಿಗೆ ಮೊದಲು ಬಂದವರಿಗೆ ಮೊದಲು ಅನ್ನೋ ಸರದಿಯನ್ನ ತಂತ್ರಾಂಶವೇ ಹಿಡಿದಿತ್ತು, ಗುಮಾಸ್ತರು ತಮಗೆ ಬೇಕಾದವರದ್ದು ಮೇಲೆ ಎತ್ತೋ ಹಾಗಿಲ್ಲ. ಗುಮಾಸ್ತರು ಲಾಗಿನ್ ಆಗೋಕೆ ಬೆರಳಚ್ಚು. ಇವನ್ನ ಬರೀ ಕೋಡ್ ಬರೆಯೋರು ಯೋಚಿಸಿರೋಕೆ ಸಾಧ್ಯ ಇಲ್ಲ, ಕಂದಾಯ ಕಚೇರಿಯ ಒಳಗುಟ್ಟು ಗೊತ್ತಿದ್ದವರು ಪಕ್ಕದಲ್ಲಿ ಕೂತಿರಲೇಬೇಕು. ಡಿಸೈನರ್ ಅಂತ ಬೋರ್ಡು ಹಾಕಿಕೊಳ್ಳದೇ ಡಿಸೈನರ್ ಕೆಲಸ ಮಾಡಿದವರು ಅವರು ಅಂತ ನನ್ನ ಅಭಿಪ್ರಾಯ.

ಎಲ್ಲಾ ಸರಿ ಇತ್ತು ಅಂತಲೂ ಅಲ್ಲ. ಊರಲ್ಲೇ ಸಿಗ್ತಿದ್ದ ಪಹಣಿಗೆ ತಾಲ್ಲೂಕಿಗೆ ಬಸ್ ಹತ್ತಬೇಕಾಯ್ತು. ಕೈಬರಹದ ತಪ್ಪು ಅಚ್ಚಿಗೆ ಹೋದ್ರೆ ಅದೇ ತಪ್ಪು ಇನ್ನೂ ಗಟ್ಟಿಯಾಗಿ ಕೂರುತ್ತೆ. ಪರದೆ ರೈತರ ಕಡೆ ತಿರುಗಿತ್ತು ನಿಜ, ಓದೋಕೆ ಬಾರದವರಿಗೆ ಅದು ಬರೀ ಬೆಳಕು.

ಕ್ಯಾಪ್ಷನ್ 9

ನಮ್ಮ ಬಿಸಿಎ, ಡಿಪ್ಲೊಮಾ ಗೆಳೆಯರಿಗೆ. ಮಿನಿ ಪ್ರಾಜೆಕ್ಟ್ ಅಂತ ಆ್ಯಪ್ ಮಾಡ್ತೀರಿ. ಒಬ್ಬರು ಫಿಗ್ಮಾದಲ್ಲಿ ಬಿಡಿಸ್ತೀರಿ, ಒಬ್ಬರು ಕೋಡ್ ಮಾಡ್ತೀರಿ. ಬಿಡಿಸೋರು ಇಂಗ್ಲಿಷ್ ಪದ ಹಾಕಿ ಬಿಡಿಸ್ತಾರೆ. ಇಂಗ್ಲಿಷ್‌ಗೆ ಸಾಲಿನ ಎತ್ತರ ಕಮ್ಮಿ ಸಾಕು. ಕೋಡ್ ಮಾಡೋರು ಆ ಎತ್ತರವನ್ನ ಹಾಗೇ ಫಿಕ್ಸ್ ಮಾಡ್ತಾರೆ. ಕೊನೇ ದಿನ "ಕನ್ನಡನೂ ಇದೆ ಸರ್" ಅಂತ ತೋರಿಸೋಕೆ ಭಾಷಾಂತರ ತುಂಬ್ತಾರೆ. ಒತ್ತು ಕತ್ತರಿಸಿ ಹೋಗೋದು ಆವಾಗ. ಕೇಳಿದ್ರೆ ಇವರು ಅವರ ಕಡೆ ಕೈ ತೋರಿಸ್ತಾರೆ, ಅವರು ಫಾಂಟ್ ಕಡೆ.

ಇನ್ನೊಂದು: ಊರಿನ ಹೆಸರಿಗೆ 10 ಅಕ್ಷರ ಸಾಕು ಅಂತ ಮಿತಿ ಹಾಕ್ತಾರೆ. ಡಿಸೈನರ್ ಲೆಕ್ಕದಲ್ಲಿ ಎಮ್ಮೆದೊಡ್ಡಿ ನಾಲ್ಕು, ಆರಾಮಾಗಿ ಹಿಡಿಯುತ್ತೆ. ಡೆವಲಪರ್ ಕೋಡ್ ಲೆಕ್ಕದಲ್ಲಿ 11. ಹತ್ತಕ್ಕೆ ನಿಲ್ಲಿಸಿದ್ರೆ ಕೊನೇ ಗುಡಿಸು ಹೋಗಿ "ಎಮ್ಮೆದೊಡ್ಡ" ಆಗುತ್ತೆ. ಎಮ್ಮೆ ದೊಡ್ಡದೇ ಇರಬಹುದು, ಊರಿನ ಹೆಸರು ಅದಲ್ಲವಲ್ಲ! ಎಸ್‌ಎಂಎಸ್‌ನಲ್ಲೂ ಇದೇ ಗೋಳು. ಇಂಗ್ಲಿಷ್ ಆದ್ರೆ ಒಂದು ಮೆಸೇಜಿಗೆ 160, ಕನ್ನಡ ಆದ್ರೆ 70 ತುಂಡು. ನಮ್ಮೂರ ಹೆಸರು ಆರು ಸಲ ಬರೆದ್ರೆ ಮುಗೀತು.

ಅದಕ್ಕೇ ಪ್ರಾಜೆಕ್ಟ್ ಮಾಡೋರಿಗೆ ಒಂದು ಮಾತು. ಮೊದಲನೇ ದಿನ, ಬಣ್ಣ ಆರಿಸೋಕೂ ಮುಂಚೆ, ಇಬ್ಬರೂ ಒಂದೇ ಬೆಂಚಲ್ಲಿ ಕೂತು ಖಾಲಿ ಬಟನ್ ಒಳಗೆ ಈ ನಾಲ್ಕು ಹೆಸರು ಹಾಕಿ ನೋಡಿ: ಎಮ್ಮೆದೊಡ್ಡಿ, ಅಜ್ಜಂಪುರ, ಸಖರಾಯಪಟ್ಟಣ, ಸ್ತ್ರೀಶಕ್ತಿ ಸಂಘ. ಕೊನೇದ್ದು ಊರಲ್ಲ, ಗೊತ್ತು. ಆದ್ರೆ "ಸ್ತ್ರೀ" ಒಂದೇ ಅಕ್ಷರದೊಳಗೆ 6 ತುಂಡು ಇದೆ, ಮೇಲೆ ದೀರ್ಘ, ಕೆಳಗೆ ಎರಡು ಒತ್ತು. ಅದು ಪಾಸಾದ್ರೆ ಉಳಿದದ್ದು ಬಹುಪಾಲು ಪಾಸು. ಕಡೂರು ಅಂತ ಹಾಕಿ ಟೆಸ್ಟ್ ಮಾಡಿದ್ವಿ ಅನ್ನಬೇಡಿ, ಯಾಕೆ ಅಂತ ಮೊದಲನೇ ಕ್ಯಾಪ್ಷನ್‌ನಲ್ಲೇ ಹೇಳಿದ್ದೀನಿ.

ನಿಮ್ಮೂರ ಹೆಸರಲ್ಲಿ ಎಷ್ಟು ಅಕ್ಷರ, ಎಷ್ಟು ತುಂಡು, ಎಷ್ಟು ಒತ್ತು? ಕೆಳಗೆ ಬರೆಯಿರಿ. ಯಾವುದಾದ್ರೂ ಆ್ಯಪ್‌ನಲ್ಲಿ ಅದು ಮುರಿದು ಕಾಣ್ತಿದ್ರೆ ಸ್ಕ್ರೀನ್‌ಶಾಟ್ ಕಳಿಸಿ, ಆ್ಯಪ್‌ನ ಹೆಸರು ಮುಚ್ಚಿ. ಹತ್ತು ಸಿಕ್ಕಿದ ಕೂಡಲೇ ಮುಂದಿನ ಸರಣಿ ಶುರು.

#ಎಮ್ಮೆದೊಡ್ಡಿ #ಕಡೂರು #ಅಜ್ಜಂಪುರ #ಒತ್ತಕ್ಷರ #ಕನ್ನಡಫಾಂಟ್